ರಾಗಿ ಬಣ್ಣದ ಡಬ್ಬಿಗೆ ಒಂದು ಫೋಟೋ

ಬೆಳಗಿನ ಆರು ಗಂಟೆ. ಪಾಂಡವಪುರದ ಕಲ್ಯಾಣ ಮಂಟಪವೊಂದರ ವಧುವಿನ ಕೋಣೆಯಿಂದ ಮದುಮಗಳು ಹೊರಗೆ ಬರುತ್ತಾಳೆ. ಹಿಂದೆಯೇ ಕುರ್ಚಿಯೊಂದನ್ನು ಎತ್ತಿಕೊಂಡು, ಅವಳ ಅಲಂಕಾರಕ್ಕೆಂದು ಬಂದ ಯಶೋಧರಾ. ಕೋಣೆಗೆ ಕಿಟಕಿಯಿಲ್ಲ, ಇರುವುದು ಒಂದು ಟ್ಯೂಬ್‌ಲೈಟು. ಹಿತ್ತಲ ಜಗಲಿಯಲ್ಲಿ ಅಡುಗೆಯವರು ಬೂದುಗುಂಬಳ ಹೆಚ್ಚುತ್ತಿದ್ದಾರೆ. ಪೂರ್ವಕ್ಕೆ ಮುಖ ಮಾಡಿ ಕುರ್ಚಿ ಊರಿದ್ದನ್ನು ಕಂಡು ಅಡುಗೆಯ ಮುದ್ದಯ್ಯ, "ಏನಕ್ಕ, ಎಣ್ಣನ್ನೂ ನಮ್ ತಾವ್ಲೆ ತಂದ್ಬುಟ್ಟೆ, ಒಗ್ಗರಣೆಗೆ ಹಾಕ್ಬೇಕಾ?" ಎನ್ನುತ್ತಾನೆ.

"ಆ ಟ್ಯೂಬ್‌ಲೈಟ್‌ನಾಗೆ ನಿನ್ ಸಾರೂ ನೀಲಿಯಾಗ್ ಕಾಣ್ತದೆ, ಸುಮ್ಕಿರು" ಎಂದು ಯಶೋಧರಾ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ.

ಮದುಮಗಳು ಅರಕೆರೆಯ ಹೇಮಶ್ರೀ, ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಿನ್ನೆಯ ಶಾಸ್ತ್ರದಲ್ಲಿ ಬಳಿದ ಅರಿಶಿನ ಮುಖದಲ್ಲಿ ಇನ್ನೂ ಉಳಿದಿದೆ. ಅದರ ಮೇಲೆ ಏನು ಹಚ್ಚಿದರೂ ಬಣ್ಣ ಸುಳ್ಳು ಹೇಳುತ್ತದೆ. ಹಾಲಿನ ಕೆನೆ, ಕಡಲೆಹಿಟ್ಟು ಕಲಸಿ ಹಚ್ಚಿ ಒರೆಸಿ, ಮತ್ತೆ ಹಚ್ಚಿ ಒರೆಸಿ, ಬೆಳಕು ಮೂಡುವವರೆಗೆ ಯಶೋಧರಾ ಅವಸರ ಮಾಡುವುದಿಲ್ಲ. ಆಮೇಲೆ ಹುಡುಗಿಯ ಜಡೆಯನ್ನು ಪಕ್ಕಕ್ಕೆ ಸರಿಸಿ, ತಾಳಿಯ ದಾರ ಬೀಳುವ ಜಾಗದಲ್ಲಿ ಮೂರು ಬಣ್ಣದ ಮೂರು ಗೆರೆ ಎಳೆಯುತ್ತಾರೆ. ಎರಡು ಗೆರೆ ಎದ್ದು ಕಾಣುತ್ತವೆ. ಮೂರನೆಯದು ಚರ್ಮದೊಳಗೆ ಮಾಯವಾಗುತ್ತದೆ. ಮಾಯವಾದ ಬಣ್ಣವೇ ಅವಳದು. ಯಶೋಧರಾ ಮನೆಯಲ್ಲೇ ತಯಾರಿಸುವ ಆರು ಮುಖಬಣ್ಣದ ಡಬ್ಬಿಗಳಲ್ಲಿ ಕೊನೆಯದು, ಎಲ್ಲಕ್ಕಿಂತ ಕಪ್ಪು. ಮುಚ್ಚಳದ ಮೇಲೆ 'ರಾಗಿ' ಎಂದಿದೆ. ಹೆಸರಿನ ಕೆಳಗೊಂದು ಖಾಲಿ ವೃತ್ತ.

ಮಿಕ್ಕ ಐದು ಡಬ್ಬಿಗಳ ವೃತ್ತದಲ್ಲಿ ಒಬ್ಬೊಬ್ಬ ಹೆಂಗಸಿನ ಮುಖವಿದೆ. ಇದರಲ್ಲಿ ಇಲ್ಲ. ಈ ಬಣ್ಣ ಹಚ್ಚಿಸಿಕೊಂಡ ಹನ್ನೊಂದು ಮದುಮಕ್ಕಳ ಫೋಟೋಗಳೂ ಸ್ಟುಡಿಯೋಗಳಿಂದ ಬೆಳ್ಳಗಾಗಿ ಬಂದಿವೆ. ಹಾಗೆ ಬಂದದ್ದನ್ನು ಅಂಟಿಸಲು ಯಶೋಧರಾ ಒಪ್ಪುವುದಿಲ್ಲ. ಖಾಲಿಯೇ ಇರಲಿ ಎಂದು ಎರಡು ವರ್ಷದಿಂದ ಬಿಟ್ಟಿದ್ದಾರೆ.

"ನಿನ್ ಫೋಟೋ ಆಕ್ಲಾ ಮಗ?" ಎಂದು ಕೇಳುತ್ತಾರೆ.

ಹೇಮಶ್ರೀ ಖಾಲಿ ವೃತ್ತದ ಮೇಲೆ ಬೆರಳಾಡಿಸುತ್ತಾಳೆ. "ನೋಡಾಣ ಅಕ್ಕ. ಅವ್ರ ಮನೇಲಿ ಏನಂತಾರೋ" ಎನ್ನುತ್ತಾಳೆ.

ಸ್ಪಂಜು ಒದ್ದೆ ಮಾಡಿ ಹಿಂಡಿ, ಉಜ್ಜದೆ ಒತ್ತಿ ಒತ್ತಿ, ತೆಳ್ಳಗೆ ಮೂರು ಸಲ. ಒಂದು ಪದರ ಆರದೆ ಇನ್ನೊಂದಿಲ್ಲ. ಕಿವಿಯ ಹಿಂದೆ, ಕತ್ತಿನ ಹಿಂದೆಯೂ. ತುಟಿಗೆ ಬೀಟ್‌ರೂಟಿನ ಕೆಂಪು, ಜೇನುಮೇಣ. ಅಷ್ಟರಲ್ಲಿ ಗಂಡಿನ ಸೋದರತ್ತೆ ಸುನಿತಾ ಕಾಫಿ ಲೋಟ ಹಿಡಿದು ಜಗಲಿಗೆ ಬರುತ್ತಾರೆ.

"ಇಷ್ಟೊತ್ತು ತೀಡಿ ಇದ್ದಂಗೇ ಬುಟ್ಟಿದ್ದೀಯಲ್ಲಮ್ಮ! ಒಸಿ ಬೆಳ್ಳಗೆ ಮಾಡು. ನಮ್ ಉಡ್ಗನ ಪಕ್ಕ ಇವ್ಳು ಕಾಣದೇ ಇಲ್ಲ."

ಯಶೋಧರಾ ಕೈ ನಿಲ್ಲಿಸುವುದಿಲ್ಲ. "ಎಣ್ಣು ನೋಡಾಕ್ ಬಂದಾಗ ಕರೆಂಟ್ ಓಗಿತ್ತಾ ಅಮ್ಮಾರೆ? ಒಪ್ಕಂಡಾಗ್ಲೂ ಇದೇ ಬಣ್ಣ ಅಲ್ವಾ?"

"ನಿಂದು ಬಾಯಿ ಜೋರು, ಕೈ ಕಮ್ಮಿ."

"ಕೈ ನೋಡೀರಂತೆ, ಧಾರೆ ಆಗ್ಲಿ."

ಸುನಿತಾ ಲೋಟವನ್ನು ಜಗಲಿಯ ಮೇಲೆ ಕುಕ್ಕಿ ಒಳಗೆ ಹೋಗುತ್ತಾರೆ. ಹೇಮಶ್ರೀಯ ಕಣ್ಣು ತುಂಬುತ್ತದೆ. ಯಶೋಧರಾ ಬಟ್ಟೆಯ ತುದಿಯನ್ನು ರೆಪ್ಪೆಯ ಕೆಳಗಿಟ್ಟು ನೀರನ್ನು ಹೀರಿಸುತ್ತಾರೆ. "ಅಳು, ಪರ್ವಾಗಿಲ್ಲ. ನಮ್ ಅತ್ತೆ ಕಾಡಿಗೆ ಅಳ್ಳಾಡಾಕಿಲ್ಲ."

ಆ ಅತ್ತೆ ಮಾಯಮ್ಮನಿಗೆ ಎಪ್ಪತ್ತಾರು. ಕ್ಯಾತನಹಳ್ಳಿಯ ಮನೆಯಲ್ಲಿ ಹರಳೆಣ್ಣೆಯ ದೀಪದ ಮೇಲೆ ಹೊನಗೊನೆ ಸೊಪ್ಪಿನ ರಸ ಬಳಿದ ತಾಮ್ರದ ತಟ್ಟೆ ಕವುಚಿ ಕಾಡಿಗೆ ಹಿಡಿಯುವವರು ಅವರು. ಒಂದು ದೀಪ ಇಡೀ ದಿನ ಉರಿದರೆ ಸಿಗುವುದು ಅರ್ಧ ಚಮಚ. ಈ ಮನೆಯ ವ್ಯಾಪಾರದಲ್ಲಿ ಯಾರೂ ಕೊಂಕು ತೆಗೆಯದ ಸಾಮಾನು ಅದೊಂದೇ. "ಕಪ್ಪು ಕಣ್ಣಿಗೆ ಬೇಕಂತೆ, ಮುಕುಕ್ಕೆ ಬ್ಯಾಡ್ವಂತೆ. ಎಂಥಾ ಜನಾನವ್ವ!" ಎಂದು ಮಾಯಮ್ಮ ದೀಪಕ್ಕೆ ಎಣ್ಣೆ ಹೊಯ್ಯುತ್ತಾರೆ.

ನಲವತ್ತೊಂದರ ಯಶೋಧರಾ ಎದ್ದು ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಿದ ಮೇಲೆಯೇ ಜರಡಿ ಹಿಡಿಯುವುದು. ಡಬ್ಬಿಯ ಬಣ್ಣಕ್ಕೆ ಬೇಕಾದದ್ದು ಕೂವೆ ಹಿಟ್ಟು, ಕಾವಿಮಣ್ಣು, ಮಂಜಿಷ್ಠದ ಬೇರಿನ ಪುಡಿ. ಒಂದೊಂದನ್ನೂ ತೆಳುಬಟ್ಟೆಯಲ್ಲಿ ಮೂರು ಸಲ ಸೋಸಬೇಕು. ಬೆಳಗಿನಿಂದ ಸಂಜೆಯವರೆಗೆ ದುಡಿದರೆ ಇಪ್ಪತ್ನಾಲ್ಕು ಡಬ್ಬಿ. ಪರೀಕ್ಷೆಯ ವರದಿ, ಲೈಸೆನ್ಸು ಎಂದು ಒಂದು ವರ್ಷ ನಾಲ್ಕು ತಿಂಗಳು ಓಡಾಡಿದ್ದಾರೆ. ಗಂಡ ಕುಮಾರ್ ಕಬ್ಬಿನ ಟ್ರಾಕ್ಟರು ಓಡಿಸುತ್ತಾರೆ. ಮದುವೆಯ ದಿನಗಳಲ್ಲಿ ಹಾಲು ಕರೆಯುವುದು ಅವರ ಪಾಲು.

ಮೊದಲ ಸಲ ಮಾಡಿದ ನಲವತ್ತು ಡಬ್ಬಿ ತಿಪ್ಪೆ ಸೇರಿದವು. ಮಣಿಕಟ್ಟಿನ ಒಳಭಾಗ ನೋಡಿ ಬಣ್ಣ ಗೊತ್ತುಮಾಡಬೇಕೆಂದು ಮೊಬೈಲಿನ ವಿಡಿಯೋದಲ್ಲಿ ಹೇಳಿದ್ದರು. ಯಶೋಧರಾ ಊರಿನ ಹೆಂಗಸರ ಮಣಿಕಟ್ಟು ನೋಡಿ ಹಾಗೆಯೇ ಮಾಡಿದರು. ಕಬ್ಬಿನ ಸೋಗೆ ತರಿಯುವ, ನಾಟಿ ಹಾಕುವ ಹೆಂಗಸಿಗೆ ಮಣಿಕಟ್ಟಿನ ಒಳಗೆ ಬಿಸಿಲು ತಾಗುವುದಿಲ್ಲ. ಮುಖಕ್ಕೆ ತಾಗದ ದಿನವಿಲ್ಲ. ಹಚ್ಚಿಕೊಂಡ ಹೆಂಗಸರು ಮರುದಿನವೇ ಬಾಗಿಲಿಗೆ ಬಂದು, "ಬೂದ್ಗುಂಬಳಕಾಯಿ ಆಗ್ಬುಟ್ಟಿದ್ದೀವಿ ಕಣೇ ಯಶೋದ್ರಾ, ದೃಷ್ಟಿಗೆ ಕಟ್ಕೋ" ಎಂದು ನಕ್ಕರು. ಯಶೋಧರಾಗೆ ನಗು ಬರಲಿಲ್ಲ. ಅಂದಿನಿಂದ ಅವರು ನೋಡುವುದು ಕೊರಳನ್ನು.

ನಗು ಬಾರದಿರಲು ಕಾರಣ ಬೀರುವಿನ ಮೇಲಿರುವ ಅವರ ಸ್ವಂತ ಮದುವೆಯ ಆಲ್ಬಮ್ಮು. ಹತ್ತೊಂಬತ್ತು ವರ್ಷದ ಹಿಂದೆ ಯಾರೋ ಅವರ ಮುಖಕ್ಕೆ ಡಬ್ಬಿಗಟ್ಟಲೆ ಪೌಡರು ಮೆತ್ತಿದ್ದರು. ಕತ್ತು ಕಪ್ಪು, ಮುಖ ಸುಣ್ಣ. ಊಟದ ಪಂಕ್ತಿಯಲ್ಲಿ ನೆಂಟರು ಆಡಿಕೊಂಡು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆ ಆಲ್ಬಮ್ಮನ್ನು ಮಗಳಿಗೂ ತೋರಿಸಿಲ್ಲ.

ಹೋದ ವರ್ಷ ಶ್ರೀರಂಗಪಟ್ಟಣದ ಫ್ಯಾನ್ಸಿ ಅಂಗಡಿಯೊಂದರಲ್ಲಿ ಆರು ಬಣ್ಣಗಳೂ ಬಿಡುಗಡೆಯಾಗಬೇಕಿತ್ತು. ಟೇಪು ಕಟ್ಟಿ, ಮಹಿಳಾ ಸಂಘದವರನ್ನು ಕರೆದು, ಲಾಡು ಹಂಚಿಯೂ ಆಗಿತ್ತು. ಯಶೋಧರಾ ಒಳಗೆ ಹೋಗಿ ನೋಡಿದರೆ ಗಾಜಿನ ಕಪಾಟಿನಲ್ಲಿ ಎರಡೇ ಬಣ್ಣ, ಎರಡೂ ತಿಳಿ. ಮೇಲೊಂದು ಬೋರ್ಡು: 'ಏಳು ದಿನದಲ್ಲಿ ಬಿಳುಪು'. ಉಳಿದ ನಾಲ್ಕು ಬಣ್ಣ ಕೌಂಟರಿನ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ.

"ಕಪ್ಪುಗಿರೋರು ಕಪ್ಪು ಬಣ್ಣ ಯಾಕಮ್ಮ ತಗಂತಾರೆ? ರಾಗಿ ಅಂತ ಬೇರೆ ಎಸ್ರಿಟ್ಟಿದ್ದೀರಿ" ಎಂದರು ಅಂಗಡಿಯ ಧರ್ಮೇಂದ್ರ.

"ಮುದ್ದೆ ನುಂಗಾಕೆ ನಾಚ್ಕೆ ಇಲ್ಲ, ಮುದ್ದೆ ಬಣ್ಣಕ್ ನಾಚ್ಕೆನಾ ನಿಮ್ಗೆ?" ಎಂದು ಯಶೋಧರಾ ಆರು ಬಣ್ಣವನ್ನೂ ವಾಪಸು ಪೆಟ್ಟಿಗೆಗೆ ತುಂಬಿ, ಲಾಡು ಕೈಯಲ್ಲಿದ್ದವರ ನಡುವೆಯೇ ಹೊರಟು ಬಸ್ಸು ಹತ್ತಿದರು. ಈಗ ಮಾರಾಟವೆಲ್ಲ ಮದುವೆ ಮನೆಗಳ ವಧುವಿನ ಕೋಣೆಯಲ್ಲೇ.

ಒಂಬತ್ತೂಕಾಲಿಗೆ ಹೇಮಶ್ರೀಯ ಧಾರೆ. ಹಾಲು ನೀರು ಸುರಿಯುತ್ತದೆ, ಹೊಗೆಯೇಳುತ್ತದೆ, ಮಲ್ಲಿಗೆಯ ದಿಂಡಿನ ಭಾರಕ್ಕೆ ಹುಡುಗಿಯ ಹಣೆ ಬೆವರುತ್ತದೆ. ಕಂಬದ ಪಕ್ಕ ನಿಂತ ಯಶೋಧರಾಗೆ ಮುಖ, ಕೊರಳು, ಕೈ ಒಂದೇ ಹುಡುಗಿಯವಾಗಿ ಕಾಣುತ್ತವೆ. ಎಲ್ಲೂ ಗೆರೆಯಿಲ್ಲ, ಕಾಡಿಗೆ ಹರಡಿಲ್ಲ. ಆಮೇಲೆ ಅವರ ಕಣ್ಣು ವೇದಿಕೆಯ ಪಕ್ಕದ ದೊಡ್ಡ ಪರದೆಗೆ ಹೋಗುತ್ತದೆ. ಅಲ್ಲಿ ಅದೇ ಸೀರೆ, ಅದೇ ಹೂವು. ಮುಖ ಮಾತ್ರ ಬೂದುಗುಂಬಳ.

ಯಶೋಧರಾ ಕುರ್ಚಿಗಳ ಸಾಲು ಸರಿಸಿಕೊಂಡು ನೇರ ಕ್ಯಾಮೆರಾದವನ ಹತ್ತಿರ ಹೋಗುತ್ತಾರೆ. "ವಿನಯ್, ಯಾರಪ್ಪ ಅದು ಪರದೆ ಮ್ಯಾಲೆ? ಮದ್ವೆ ಆಯ್ತಾ ಇರೋದು ಅವ್ಳಿಗಾ, ಇವ್ಳಿಗಾ?"

"ಅಕ್ಕ, ಮೆತ್ತಗ್ ಮಾತಾಡಿ. ಗಂಡಿನ ಕಡೆ ಸುನಿತಮ್ಮ ಏಳವ್ರೆ. ಎಲ್ಲಾ ಮದ್ವೆಗೂ ಬೆಳ್ಳಗ್ ಮಾಡೋ ಇದೇ ಸೆಟ್ಟಿಂಗು."

"ತಗಿ ಅದ್ನ."

"ಆಗಾಕಿಲ್ಲ ಅಕ್ಕ, ನಾಳೆ ಆಲ್ಬಮ್ ವಾಪಸ್ ಎಸೀತಾರೆ."

ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ವೇದಿಕೆಯ ಮೇಲಿನ ಹೇಮಶ್ರೀಯೂ ನೋಡುತ್ತಾಳೆ. ಅವಳು ನೋಡುತ್ತಿರುವುದು ಯಶೋಧರಾರನ್ನಲ್ಲ, ಪರದೆಯನ್ನು. ಬಹಳ ಹೊತ್ತು ನೋಡುತ್ತಾಳೆ. ತಾಳಿ ಕಟ್ಟಿ, ಅಕ್ಷತೆ ಬಿದ್ದು, ಉಡುಗೊರೆಯ ಸಾಲು ಶುರುವಾಗುವ ಮುಂಚೆ ಕೈಬೀಸಿ ವಿನಯ್‌ನನ್ನು ಕರೆಯುತ್ತಾಳೆ. ಪಕ್ಕದಲ್ಲಿ ಗಂಡ, ಗಂಡನ ಪಕ್ಕದಲ್ಲಿ ಸುನಿತಾ.

"ಅಣ್ಣ, ಅದು ನಾನಲ್ಲ. ಇರೋದ್ನ ಇದ್ದಂಗೆ ತೆಗೀರಿ" ಎನ್ನುತ್ತಾಳೆ. ಮೈಕು ಹತ್ತಿರವೇ ಇರುವುದರಿಂದ ಮಾತು ಊಟದ ಮನೆಯವರೆಗೂ ಕೇಳುತ್ತದೆ.

"ಅಯ್ಯೋ, ಏನವ್ವ ನಿಂದು, ಎಲ್ಲಾರ್ ಮುಂದೆ..." ಎನ್ನುತ್ತಾರೆ ಸುನಿತಾ.

ಗಂಡ ಪರದೆಯ ಕಡೆ ತಿರುಗಿ, ಹೆಂಡತಿಯ ಕಡೆ ತಿರುಗಿ, "ಇದ್ದಂಗೇ ತೆಗೀರಿ ಬುಡಿ" ಎನ್ನುತ್ತಾನೆ. ವಿನಯ್ ಗುಂಡಿ ಒತ್ತುತ್ತಾನೆ. ಪರದೆಯ ಮೇಲೆ ಅರಕೆರೆಯ ಹುಡುಗಿ ಬರುತ್ತಾಳೆ. ಸುನಿತಾ ಉಳಿದಷ್ಟು ಹೊತ್ತೂ ಯಶೋಧರಾ ಇದ್ದ ಕಡೆ ತಿರುಗಿ ನೋಡುವುದಿಲ್ಲ.

ಮಧ್ಯಾಹ್ನ ಪೆಟ್ಟಿಗೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಯಶೋಧರಾರ ಮೊಬೈಲಿಗೆ ಫೋಟೋ ಬರುತ್ತದೆ. ಕೆಳಗೆ ಒಂದೇ ಸಾಲು: 'ಡಬ್ಬಿ ಮೇಲೆ ಹಾಕಿ ಅಕ್ಕ, ಇವರಿಗೂ ಹೇಳಿದ್ದೀನಿ.' ಯಶೋಧರಾ ಫೋಟೋವನ್ನು ದೊಡ್ಡದು ಮಾಡಿ ಮೊದಲು ನೋಡುವುದು ಕೊರಳನ್ನು. ಆಮೇಲೆ ಮುಖವನ್ನು.

ಸಿಟ್ಟು ಇಳಿದಿಲ್ಲ. "ಒಬ್ಳು ಬಾಯ್ಬುಟ್ಲು. ಮಿಕ್ಕ ಅನ್ನೊಂದು ಎಣ್ಮಕ್ಳು ಇನ್ನೂ ಸುಣ್ಣದಾಗೇ ಅವ್ರೆ" ಎಂದು ಫೋಟೋ ನೋಡುತ್ತಲೇ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. "ನಂಗೆ ದೊಡ್ಡ ಅಂಗ್ಡಿ ಬ್ಯಾಡ. ಆರು ಡಬ್ಬಿನೂ ಒಂದೇ ಸಾಲ್ನಾಗೆ ಇಡೋ ಅಂಗ್ಡಿ ಒಂದಿದ್ರೆ ಸಾಕು."

ಕ್ಯಾತನಹಳ್ಳಿಯ ಬಸ್ಸು ಬರುತ್ತದೆ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಯಶೋಧರಾ ಮಂಟಪದ ಕಡೆ ತಿರುಗಿ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

"ನನ್ ಮದ್ವೆ ಆಲ್ಬಮ್‌ನಾಗೆ ನಾನೇ ಇಲ್ಲ. ಅವ್ಳ ಆಲ್ಬಮ್‌ನಾಗೆ ಅವ್ಳವ್ಳೆ."