ಕೌದಿ ಹೊಲಿಯುವಾಕೆಯ ಎಡಗೈ

ಸುಲೇಪೇಟದ ನಮ್ಮ ಓಣಿಗೆಲ್ಲ ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿದುಕೊಡುತ್ತಿದ್ದಾಕೆ ಎಡಚಿ. ಎಲ್ಲರ ಹೊಲಿಗೆ ಬಲದಿಂದ ಎಡಕ್ಕೆ ಸಾಗಿದರೆ ಆಕೆಯದು ಎಡದಿಂದ ಬಲಕ್ಕೆ. ಯಾರಾದರೂ ಕೇಳಿದರೆ ಒಂದೇ ಮಾತು: “ಗೆರಿ ನೆಟ್ಟಗ ಬಂದ್ರ ಸಾಕ್ರಿ.”

ನನ್ನ ಮಗಳು ಹುಟ್ಟಿದಾಗ, ತೀರಿಹೋದ ನಮ್ಮವ್ವನ ಇಳಕಲ್ ಸೀರೆಯನ್ನು ಆಕೆಯ ಮುಂದೆ ಹಾಸಿದೆ.

“ಕೂಸಿನ ಕೌದಿ ಅದ, ಬಲಗೈಲೆ ಕತ್ತರಸವ್ವಾ,” ಅಂದರು ನಮ್ಮತ್ತೆ.

ಆಕೆ ಎದುರಾಡದೆ ಕತ್ತರಿಯನ್ನು ಬಲಗೈಗೆ ಬದಲಿಸಿದಳು. ಅದು ಓರೆಯಾಗಿ ಹೋಗಿ ಸೆರಗನ್ನೇ ಸೀಳಿತು. ಆಕೆ ಉಳಿದದ್ದನ್ನು ಎಡಗೈಯಿಂದ ಕತ್ತರಿಸಿ, ಆ ಓರೆ ತುಂಡನ್ನು ಕೌದಿಯ ನಟ್ಟನಡುವೆ ಇಟ್ಟು ಹೊಲಿದಳು.

ಮರುವರ್ಷ ಅತ್ತೆ ತಮ್ಮ ಲಗ್ನದ ಸೀರೆ ಹೊರಗೆ ತೆಗೆದರು. ಆಕೆಯನ್ನು ಕರೆಸಿ, “ಕುಂದ್ರವ್ವಾ,” ಎಂದು ಕತ್ತರಿಯನ್ನು ತಾವೇ ಆಕೆಯ ಎಡಗೈಗೆ ಕೊಟ್ಟರು.