ತಾರಸಿ ತೋಟದ ಮೂಗಮ್ಮ

ಮೂಗಮ್ಮ ನಮ್ಮ ಪಕ್ಕದ ಮನೆಗೆ ಬಂದದ್ದು ಪಾತ್ರೆ ತಿಕ್ಕುವ ಕೆಲಸಕ್ಕೆ. ಆ ಮನೆ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಓಂಕಾರಮೂರ್ತಿಯದು. ನನಗೆ ದೂರದ ನೆಂಟ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಅವರ ತಾರಸಿಗೂ ನಮ್ಮ ತಾರಸಿಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೆ. ಆದ್ದರಿಂದ ಈ ಕಥೆಯಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಅದೇ ನನ್ನ ಕಷ್ಟ.

ಓಂಕಾರಮೂರ್ತಿಯ ಹೆಂಡತಿ ಶೈಲಜಾಗೆ ಗಿಡಗಳ ಹುಚ್ಚು. ಮಲ್ಲಿಗೆ, ದಾಸವಾಳ ಅವಳಿಗೆ ಗಿಡಗಳೇ ಅಲ್ಲ. ಹೊರದೇಶದ ಕಳ್ಳಿಗಳು, ಬುಡ ಊದಿಕೊಂಡ ಅಡೀನಿಯಂ, ಎಲೆಯಲ್ಲಿ ತೂತು ಬಿಟ್ಟುಕೊಂಡ ಬಳ್ಳಿಗಳು ಪಾರ್ಸಲ್‌ನಲ್ಲಿ ಬರುತ್ತಿದ್ದವು. ನಮ್ಮ ಬಿಸಿಲಿಗೆ ಕೆಲವು ವಾರದಲ್ಲೇ ಸುಟ್ಟು ಹೋಗುತ್ತಿದ್ದವು. ಉಳಿದವನ್ನು ಅವಳೇ ದಿನಕ್ಕೆರಡು ಸಲ ನೀರು ಹಾಕಿ ಕೊಳೆಸುತ್ತಿದ್ದಳು.

ಒಂದು ಬೆಳಿಗ್ಗೆ ತಾರಸಿ ಗುಡಿಸಲು ಬಂದ ಮೂಗಮ್ಮ ಅಡೀನಿಯಂ ಕುಂಡಕ್ಕೆ ಕೊಡ ಎತ್ತಿದ ಶೈಲಜಾಳ ಕೈ ಹಿಡಿದಳು.

"ಅಕ್ಕಾರೆ, ಇದಕ್ಕೆ ನೀರು ಬ್ಯಾಡ. ಬಾಯಾರ್ಲಿ ಬಿಡ್ರಿ. ಬಾಯಾರಿದ್ರೇನೇ ಇದು ಹೂ ಬಿಡೋದು."

"ನಿಂಗೆ ಹೆಂಗೆ ಗೊತ್ತು? ಇದು ಆಫ್ರಿಕಾದ್ದು ಕಣೆ."

"ಎಲ್ಲೀದಾರ ಆಗ್ಲಿ. ಬುಡ ನೋಡ್ರಿ, ಒಂಟೆ ಹೊಟ್ಟೆ ಇದ್ದಂಗೈತೆ. ನಮ್ ಕಾವಲ್‌ನಾಗೂ ಇಂಥವು ಅವೆ."

ಕಾವಲ್ ಎಂದರೆ ಉಳ್ಳಾರ್ತಿ ಕಾವಲ್. ಅದರ ಅಂಚಿನ ಹಟ್ಟಿಯೊಂದರಲ್ಲಿ ಅವಳ ಮನೆ. ಹುಟ್ಟಿದಾಗಿನಿಂದ ಕುರಿಗಳ ಹಿಂದೆ ಆ ಹುಲ್ಲುಗಾವಲನ್ನು ತುಳಿದವಳು. ಸರ್ಕಾರಿ ಸಂಸ್ಥೆಗಳಿಗೆ ಕೊಟ್ಟ ಬಹುಪಾಲು ಜಾಗಕ್ಕೆ ಗೋಡೆ ಬಂದ ಮೇಲೆ ಕುರಿ ಕಡಿಮೆಯಾದವು. ಉಳಿದ ಇಪ್ಪತ್ತನ್ನು ಗಂಡ ಬೊಮ್ಮಣ್ಣ ಮೇಯಿಸುತ್ತಿದ್ದ, ಇವಳು ಬಸ್ಸು ಹತ್ತಿ ಪೇಟೆಗೆ ಕೂಲಿಗೆ ಬರುತ್ತಿದ್ದಳು.

ಆ ಅಡೀನಿಯಂ ಚೈತ್ರದಲ್ಲಿ ಹೂ ಬಿಟ್ಟಿತು. ಅಲ್ಲಿಂದ ತಾರಸಿ ಮೂಗಮ್ಮನ ಕೈಗೆ ಬಂತು. ಪಾತ್ರೆಗೆ ಬೇರೆಯವಳು ಬಂದಳು.

ಮರುವರ್ಷ ಶೈಲಜಾ ಇಗ್ವಾನಾ ಎಂಬ ಹೊರದೇಶದ ದೊಡ್ಡ ಓತಿಯೊಂದನ್ನು ತರಿಸಿದಳು. ಹಸಿರು ಬಣ್ಣ, ಬೆನ್ನ ಮೇಲೆ ಗರಗಸ, ಗದ್ದದ ಕೆಳಗೆ ಜೋಲುವ ಚರ್ಮ. ಅದಕ್ಕೆ ಗಾಜಿನ ಮನೆ, ಬಿಸಿಯ ಬಲ್ಬು, ಸರ್ಕಾರದಲ್ಲಿ ನೋಂದಾಯಿಸಿದ ಕಾಗದ ಎಲ್ಲ ಇತ್ತು. ಮುಟ್ಟುವ ಧೈರ್ಯ ಮಾತ್ರ ಶೈಲಜಾಗೆ ಇರಲಿಲ್ಲ. ಮೂಗಮ್ಮ ಅದಕ್ಕೆ "ಪರದೇಶಿ" ಎಂದು ಹೆಸರಿಟ್ಟಳು. ಬೆಳಗಿನ ಎಳೆಬಿಸಿಲಿಗೆ ಹೆಗಲ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ನಮ್ಮ ಮನೆಯ ನುಗ್ಗೆಸೊಪ್ಪನ್ನೂ ದಾಸವಾಳದ ಹೂವನ್ನೂ ಗೋಡೆಯಾಚೆಯಿಂದ ಕೇಳಿ ಪಡೆದು ತಿನ್ನಿಸುತ್ತಿದ್ದಳು.

"ಮೇಷ್ಟ್ರೇ, ನಮ್ ಉಡಕ್ಕಿಂತ ಸಾಧು ಐತೆ ಇದು. ಪಾಪ, ತನ್ನೋರು ಅನ್ನೋದು ಒಂದೂ ಇಲ್ಲ ಇದಕ್ಕೆ" ಎನ್ನುತ್ತಿದ್ದಳು.

ಆ ಹೊತ್ತಿಗೆ ಶೈಲಜಾ ಮೊಬೈಲಿನಲ್ಲಿ ವೀಡಿಯೋ ಮಾಡಿ ಹಾಕತೊಡಗಿದ್ದಳು. 'ಬಯಲುಸೀಮೆಯಲ್ಲಿ ವಿದೇಶಿ ಗಿಡ ಬೆಳೆಸುವುದು ಹೇಗೆ', 'ಮನೆಯಲ್ಲಿ ಇಗ್ವಾನಾ ಸಾಕುವುದು ಹೇಗೆ' ಎಂದು. ದನಿ ಅವಳದು. ಮಣ್ಣು ಕಲಸುವ, ಬೇರು ಕತ್ತರಿಸುವ, ಪರದೇಶಿಗೆ ಸೊಪ್ಪು ತಿನ್ನಿಸುವ ಕೈ ಮೂಗಮ್ಮನದು. ಮುಂಗೈ ಮೇಲೆ ಹಸಿರು ಹಚ್ಚೆ ಇದ್ದ ಕೈ. ಮುಖ ಒಮ್ಮೆಯೂ ಬರಲಿಲ್ಲ. "ನಿಮ್ಮ ಕೈಗುಣ ದೊಡ್ಡದು ಮೇಡಂ" ಎಂದು ದೂರದೂರದವರು ಬರೆಯುತ್ತಿದ್ದರು. ಶೈಲಜಾ ಅದನ್ನು ನನ್ನ ಹೆಂಡತಿಗೆ ಓದಿ ಹೇಳುತ್ತಿದ್ದಳು.

ಎರಡು ವರ್ಷದ ಹಿಂದಿನ ಮುಂಗಾರಿನಲ್ಲಿ ಅವಳಿಗೆ ನಕ್ಷತ್ರ ಆಮೆಯ ಆಸೆ ಹುಟ್ಟಿತು. ಮನೆಗೆ ಅದೃಷ್ಟ ಎಂದು ಯಾರೋ ಹೇಳಿದ್ದರು. ಒಂದು ಸಂಜೆ ಗೋಡೆಯ ಈಚೆ ನಾನು ಒಣಹಾಕಿದ್ದ ಮೆಣಸಿನಕಾಯಿ ತುಂಬಿಕೊಳ್ಳುತ್ತಿದ್ದಾಗ ಅವಳು ಮೂಗಮ್ಮನಿಗೆ ಹೇಳುವುದು ಕೇಳಿಸಿತು.

"ನಿಮ್ ಕಾವಲ್‌ನಲ್ಲಿ ಮಳೆ ಬಿದ್ದಾಗ ಓಡಾಡ್ತವಂತಲ್ಲ. ಒಂದು ತಂದ್ಕೊಡೆ."

"ಅದೊಂದು ಬ್ಯಾಡ ಅಕ್ಕಾರೆ. ಹಟ್ಟಿಯೋರು ಅದು ಅಡ್ಡ ಬಂದ್ರೆ ಕುರಿ ನಿಲ್ಸಿ ದಾಟಾಕೆ ಬಿಡ್ತೀವಿ. ಮನೀಗೆ ತರಂಗಿಲ್ಲ."

ಒಂದು ತಿಂಗಳು ಈ ಮಾತು ನಡೆಯಿತು. ಕೊನೆಗೆ ಒಂದು ದಿನ ಶೈಲಜಾ, "ಆಯ್ತು ಬಿಡು. ರಾಂಪುರದ ಕಡೆಯವಳೊಬ್ಬಳು ಗಿಡದ ಕೆಲಸಕ್ಕೆ ಬರ್ತೀನಿ ಅಂತಿದಾಳೆ, ಅವಳನ್ನೇ ಕೇಳ್ತೀನಿ" ಎಂದಳು. ಮರುವಾರ ಮೂಗಮ್ಮನ ಬುತ್ತಿಯ ಚೀಲದಲ್ಲಿ ಆಮೆ ಬಂತು. ಅಂಗೈಯಗಲ, ಚಿಪ್ಪಿನ ತುಂಬ ಹಳದಿ ನಕ್ಷತ್ರಗಳು.

ಅದನ್ನು ಸಾಕುವುದು ದೊಡ್ಡ ಅಪರಾಧ ಎಂದು ನನಗೆ ಗೊತ್ತಿತ್ತು. ಮಕ್ಕಳಿಗೆ ಪಾಠ ಮಾಡಿದವನು. ನೆಂಟರ ಮನೆ, ಮಾತು ಕೆಡುತ್ತದೆ ಎಂದು ಸುಮ್ಮನಿದ್ದೆ.

ನಾಲ್ಕು ತಿಂಗಳು ಆಮೆ ಕಳ್ಳಿ ಕುಂಡಗಳ ನಡುವೆ ಓಡಾಡಿತು. ಶೈಲಜಾ ಅದನ್ನು ವೀಡಿಯೋದಲ್ಲಿ ತೋರಿಸದೆ ಇರಲಾರದೆ ಹೋದಳು. ಯಾರೋ ನೋಡಿ ಅರಣ್ಯದವರಿಗೆ ದೂರು ಕೊಟ್ಟರು. ದೂರು ಹೋಗಿದೆ ಎಂಬ ಸುದ್ದಿ ಓಂಕಾರಮೂರ್ತಿಗೆ ಯಾರಿಂದಲೋ ಮೊದಲೇ ಸಿಕ್ಕಿತು. ಮಧ್ಯಾಹ್ನ ಮಿಲ್ಲಿನಿಂದ ಓಡಿ ಬಂದ. ವೀಡಿಯೋ ಅಳಿಸಿದರು. ಆಮೆಯನ್ನು ಮೂಗಮ್ಮನ ಚೀಲಕ್ಕೆ ಹಾಕಿದರು.

"ಈಗಿಂದೀಗ್ಲೇ ಹೋಗಿ ಕಾವಲ್‌ನಲ್ಲಿ ಬಿಟ್ಬಿಡು. ಓಡು."

ಅವಳ ಮುಖದಲ್ಲಿ ಆವತ್ತು ಸಂತೋಷವಿತ್ತು, ನಾನು ನೋಡಿದ್ದೇನೆ. "ಬಿಡ್ತೀನಿ ಯಜಮಾನ್ರೆ, ಎತ್ತಿದ ಜಾಗದಾಗೇ ಬಿಡ್ತೀನಿ" ಎಂದು ಸರಸರ ಮೆಟ್ಟಿಲಿಳಿದಳು. ಗೇಟು ದಾಟಿ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಜೀಪು ಎದುರಾಯಿತು. ಮನೆ ಯಾವುದೆಂದು ಅವರು ಕೇಳಿದ್ದೇ ಅವಳನ್ನು. ಚೀಲ ಎದೆಗವಚಿಕೊಂಡು ನಿಂತವಳನ್ನು ಕಂಡು ಚೀಲ ತೆಗೆಸಿದರು.

ಅಧಿಕಾರಿ ಅವಳನ್ನು ಮನೆಗೇ ಕರೆತಂದು ತಾರಸಿ ಹತ್ತಿಸಿದ. ದೂರಿನ ಜೊತೆ ವೀಡಿಯೋದ ಚಿತ್ರಗಳಿದ್ದವು. ಅವುಗಳಲ್ಲಿ ಇದ್ದದ್ದು ಆಮೆಯನ್ನು ಹಿಡಿದ ಹಚ್ಚೆಯ ಕೈ ಮಾತ್ರ.

"ಆ ಕೈ ನಂದಲ್ಲ ಸಾರ್, ನೋಡಿ" ಎಂದು ಶೈಲಜಾ ಬಳೆ ಸರಿಸಿ ತನ್ನ ಬಿಳಿಯ ಮುಂಗೈ ತೋರಿಸಿದಳು. "ನಮ್ಮಲ್ಲಿರೋದು ಇಗ್ವಾನಾ ಒಂದೇ. ಅದಕ್ಕೆ ಕಾಗದ ಇದೆ. ಇವಳು ಎಲ್ಲಿಂದ ಏನು ತರ್ತಾಳೋ, ನಮಗೇನು ಗೊತ್ತು?"

ಮೂಗಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯಾಚೆ ನಿಂತಿದ್ದ ನನ್ನನ್ನು.

"ಮೇಷ್ಟ್ರೇ, ನೀವು ಕೇಳಿಸ್ಕಂಡೀರಲ್ಲ. ತಾ ಅಂತ ಯಾರು ಅಂದ್ರು, ಹೇಳ್ರಿ."

ಓಂಕಾರಮೂರ್ತಿ ನನ್ನ ಕಡೆ ತಿರುಗಿದ. "ನೋಡೋಣಮ್ಮ, ಅವಸರ ಬೇಡ" ಎಂದೆ. ಅಷ್ಟೇ ನಾನು ಹೇಳಿದ್ದು.

ಹದಿನೇಳು ದಿನ ಅವಳು ಜೈಲಿನಲ್ಲಿದ್ದಳು. ಬೊಮ್ಮಣ್ಣ ಎರಡು ಸಲ ಓಂಕಾರಮೂರ್ತಿಯ ಮಿಲ್ಲಿನ ಬಾಗಿಲಿಗೆ ಬಂದು ನಿಂತ. ಎರಡನೆಯ ಸಲ ವಕೀಲರನ್ನು ಕೊಡುವ ಮಾತಾಯಿತು. ಅದಕ್ಕೆ ಪ್ರತಿಯಾಗಿ ಮನೆಯವರ ಹೆಸರು ಎಲ್ಲೂ ಬರಬಾರದು, ಆಮೆಯನ್ನು ತಾನೇ ತಂದು ತಾನೇ ಇಟ್ಟುಕೊಂಡಿದ್ದೆ ಎಂದು ಅವಳು ಹೇಳಬೇಕು. ಬೊಮ್ಮಣ್ಣ ಒಪ್ಪಿ ಬಂದ. ಅವಳೂ ಹಾಗೇ ಹೇಳಿದಳು. ಜಾಮೀನು ಸಿಕ್ಕಿತು. ಆಮೆ ದೂರದ ಯಾವುದೋ ರಕ್ಷಣಾ ಕೇಂದ್ರಕ್ಕೆ ಹೋಯಿತಂತೆ. ಎತ್ತಿದ ಜಾಗ ತನಗೆ ಗೊತ್ತು, ಅಲ್ಲೇ ಬಿಡಿ ಎಂದು ಅವಳು ಬೇಡಿಕೊಂಡಳಂತೆ. ಅದು ಕೇಸಿನ ವಸ್ತು, ಹಾಗೆಲ್ಲ ಬಿಡಲು ಬರುವುದಿಲ್ಲ ಎಂದರಂತೆ.

ಹಟ್ಟಿಯಲ್ಲೂ ಅವಳಿಗೆ ಸುಖವಿರಲಿಲ್ಲ. ಜೈಲು ಕಂಡು ಬಂದವಳು ಎಂದು ಕೆಲವರು ದೂರವಾದರೆ, ದಾಟಿ ಹೋಗುವ ಜೀವವನ್ನು ಹಿಡಿದು ಮಾರಿದಳು ಎಂದು ಹಿರಿಯರು ಬೈದರು. ಮಾರಲಿಲ್ಲ ಎಂದು ಅವಳು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

ಇತ್ತ ತಾರಸಿಯಲ್ಲಿ ಆ ಚಳಿಗಾಲ ಪರದೇಶಿ ಮೇವು ಬಿಟ್ಟಿತು. ಮೂಗಮ್ಮನ ಜಾಗಕ್ಕೆ ಬಂದ ಹೊಸಬಳು ಗಾಜಿನ ಬಾಗಿಲು ತೆರೆಯಲು ಹೆದರುತ್ತಿದ್ದಳು. ಶೈಲಜಾ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಮೂಗಮ್ಮನಿಗೆ ಒಂದು ಮಾತು ಹೇಳಿ ಕಳಿಸ್ತೀರಾ? ಬಂದು ಒಂದ್ಸಲ ನೋಡಿ ಹೋಗ್ಲಿ" ಎಂದಳು. ಸಂಕೋಚವಿಲ್ಲದೆ ಕೇಳಿದಳು. ನಾನು ಹೇಳಿ ಕಳಿಸಲಿಲ್ಲ. ಸಂಕ್ರಾಂತಿಗೆ ಮುಂಚೆ ಅದು ಸತ್ತಿತು. ಶೈಲಜಾ ಅಳುತ್ತ ಒಂದು ವೀಡಿಯೋ ಹಾಕಿದಳು. ಹಿಂದೆ ಯಾವ ವೀಡಿಯೋವನ್ನೂ ಅಷ್ಟು ಜನ ನೋಡಿರಲಿಲ್ಲ.

ಕಳೆದ ತಿಂಗಳು ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಮೂಗಮ್ಮ ಸಿಕ್ಕಳು. ಆವತ್ತು ಅವಳ ವಾಯಿದೆ ಇತ್ತು, ಬೊಮ್ಮಣ್ಣನೂ ಜೊತೆಗೆ ಬಂದಿದ್ದ. ಈಗ ಶೇಂಗಾ ಬಿಡಿಸುವ ಕೂಲಿಗೆ ಹೋಗುತ್ತಾಳಂತೆ. ತೆಳ್ಳಗಾಗಿದ್ದಳು.

"ಪರದೇಶಿ ಹೆಂಗೈತೆ ಮೇಷ್ಟ್ರೇ?" ಎಂದು ಕೇಳಿದ್ದೇ ಮೊದಲು. ಸತ್ತಿತು ಎಂದೆ. ಅವಳು ಮರದ ಬುಡದಲ್ಲಿ ಕೂತಳು.

ಅಷ್ಟು ದಿನದಿಂದ ಹೇಳದೆ ಇಟ್ಟುಕೊಂಡಿದ್ದನ್ನು ನಾನು ಆಗ ಹೇಳಿದೆ. "ಮೂಗಮ್ಮ, ನಾನು ಕೇಳಿದ್ದನ್ನ ಕೋರ್ಟಲ್ಲಿ ಹೇಳ್ತೀನಿ. ವಕೀಲರ ಹತ್ರ ಹೋಗೋಣ ನಡಿ."

"ಈಗೇನು ಹೇಳ್ತೀರಿ? ನಾನೇ ತಂದೆ, ನಾನೇ ಇಟ್ಕಂಡೆ ಅಂತ ನನ್ ಬಾಯಾಗೇ ಹೇಳ್ಸಿ ಹೆಬ್ಬೆಟ್ಟು ಒತ್ತಿಸ್ಕಂಡವ್ರೆ. ನೀವು ಹೇಳಿದ್ರೆ ನಾನು ಸುಳ್ಳಿ ಅಂತಾಗ್ತೈತೆ." ಅವಳ ದನಿ ಏರಲಿಲ್ಲ. "ಅಲ್ದೆ ತಂದಾಕಿ ನಾನೇ ಅಲ್ಲೇನ್ರಿ? ಹೊಟ್ಟೆ ನೋಡ್ಕಂಡೆ. ಅದು ಸುಳ್ಳಲ್ಲ. ಆದ್ರೆ ಆವತ್ತು ನಿಮ್ನ ಕೇಳಿದ್ದು ನನ್ನ ಬಿಡಿಸ್ರಿ ಅಂತಲ್ಲ ಮೇಷ್ಟ್ರೇ. ನಿಜ ಹೇಳೋರು ಒಬ್ರಾರ ಅವ್ರಾ ಅಂತ ನೋಡಿದೆ."

ಒಳಗಿನಿಂದ ಅವಳ ಹೆಸರು ಕೂಗಿದರು. ಎದ್ದು ಸೀರೆ ಕೊಡವಿಕೊಂಡು ಹೋದಳು. ಐದೇ ನಿಮಿಷದಲ್ಲಿ ವಾಪಸು ಬಂದು, ಮುಂದಿನ ತಿಂಗಳಿಗೆ ಹಾಕಿದರು ಎಂದು ಬೊಮ್ಮಣ್ಣನಿಗೆ ಹೇಳಿದಳು. ಇಬ್ಬರೂ ನನ್ನ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.