ತಿಂಗಳು ನಿಂತ ಸುದ್ದಿ

ನಮ್ಮ ಮನೆಯಲ್ಲಿ ಮುಟ್ಟಿನ ಮೈಲಿಗೆ ಇಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಎಲ್ಲಿಯ ಸೂತಕ ಎಂದು ನಾನು ಮದುವೆಯಾಗಿ ಆಳಂದಕ್ಕೆ ಬಂದ ಮೊದಲ ತಿಂಗಳೇ ಅತ್ತೆ ಹೇಳಿದ್ದರು. ಅಡುಗೆ ಮನೆಗೆ ಹೋಗಬಹುದು, ಪೂಜೆಗೆ ಕೂರಬಹುದು. ಕೇಳಿದವರೆಲ್ಲ ನೀನು ಪುಣ್ಯವಂತೆ ಅನ್ನುತ್ತಿದ್ದರು. ಪುಣ್ಯವೇ ಸರಿ. ಆದರೆ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ತಮ್ಮ ಮನೆಯಲ್ಲಿ ಆ ಮೂರು ದಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಬೇರೆಯವರು ಮಾಡಿಕೊಟ್ಟದ್ದನ್ನು ಉಂಡು ಬಿದ್ದಿರಬೇಕು ಎಂದು ಗೊಣಗಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸೂತಕವಿಲ್ಲದ ಮನೆಯಲ್ಲಿ ರಜೆಯೂ ಇಲ್ಲ. ಐದಕ್ಕೆ ಎದ್ದು ರೊಟ್ಟಿ ಬಡಿಯಬೇಕು, ಹಿರೋಳ್ಳಿ ಕಡೆಯ ಬಸ್ಸು ಹಿಡಿಯಬೇಕು, ಸಂಜೆಯವರೆಗೆ ನಿಂತುಕೊಂಡು ಗಣಿತ ಹೇಳಬೇಕು.

ನನ್ನ ನೋವಿಗೆ ನನಗಿಂತ ಹದಿನಾಲ್ಕೇ ವರ್ಷ ಕಡಿಮೆ ವಯಸ್ಸು. ಅಫಜಲಪುರದಲ್ಲಿ ಹುಡುಗಿಯಾಗಿದ್ದಾಗ ನಾನು ಹೊಟ್ಟೆ ಹಿಡಿದು ಉರುಳಾಡಿದರೆ ನಮ್ಮವ್ವ, "ಮದುವಿ ಆದ್ರ ಹೋಗ್ತದ ತಗೋ" ಅನ್ನುತ್ತಿದ್ದಳು. ಮದುವೆಯಾಯಿತು, ಹೋಗಲಿಲ್ಲ. "ಒಂದು ಕೂಸು ಆದ್ರ ಹೋಗ್ತದ" ಅಂದಳು. ಆರು ವರ್ಷವಾದರೂ ಕೂಸೂ ಆಗಲಿಲ್ಲ, ನೋವೂ ಹೋಗಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ನಡುವೆ ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಬಂದು ಮತ್ತೆ ರೊಟ್ಟಿ ಬಡಿದ ದಿನಗಳಿವೆ. ಅತ್ತೆ ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ. ಆ ಮೌನ ನನ್ನ ಮೈ ಉರಿಸುತ್ತಿತ್ತು.

ಕಡೆಗೊಂದು ದಿನ ಕ್ಲಾಸಿನಲ್ಲೇ ಕುಸಿದು ಕೂತ ಮೇಲೆ ನಾನು, ಅತ್ತೆ, ನನ್ನ ಗಂಡ ಮೂವರೂ ಕಲಬುರಗಿಯ ದವಾಖಾನೆಗೆ ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಅನ್ನುತ್ತಾರೆ ಎಂದು ತಿಳಿಸಿದರು. ಗರ್ಭಕೋಶದ ಒಳಗೆ ಇರುವಂಥ ಪದರು ಅದರ ಹೊರಗೂ ಬೆಳೆದಿದೆ. ತಿಂಗಳು ತಿಂಗಳು ಅಲ್ಲಿಯೂ ರಕ್ತ ಒಸರುತ್ತದೆ, ಆದರೆ ಅದಕ್ಕೆ ಹೊರಗೆ ಬರಲು ದಾರಿಯಿಲ್ಲ. ಎಡಗಡೆ ಅಂಡಾಶಯದಲ್ಲಿ ಅದು ಗಂಟಾಗಿ ಕೂತಿದೆ, ಅದಕ್ಕೆ ಚಾಕಲೇಟ್ ಸಿಸ್ಟ್ ಎಂದು ಹೆಸರು. ಮನೆಗೆ ಬಂದ ಮೇಲೆ ಅತ್ತೆ ಪಕ್ಕದ ಮನೆಯವರಿಗೆ, "ಚಾಕಲೇಟ್ ಗಂಟು ಆಗ್ಯದಂತ್ರಿ" ಎಂದು ಹೇಳಿದರು. ಅವರು ಅಂದಿನಿಂದ ತಮ್ಮ ಮೊಮ್ಮಗಳಿಗೆ ಚಾಕಲೇಟ್ ಬಂದ್ ಮಾಡಿದರು.

ಡಾಕ್ಟರಮ್ಮ ಬರೆದುಕೊಟ್ಟದ್ದು ಹಾರ್ಮೋನಿನ ಗುಳಿಗೆ. ಮೊದಲು ಲಿವರ್ ತೊಂದರೆ ಇದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಬೇರೆ ಯಾವ ಔಷಧಿ ನಡೆದಿದೆ ಎಂದೆಲ್ಲ ಕೇಳಿದರು. ಬಸುರಿ ಅಲ್ಲ ಎಂದು ಪರೀಕ್ಷೆ ಮಾಡಿಸಿಯೇ ಚೀಟಿ ಕೊಟ್ಟರು, ಬಸುರಿಯಾದರೆ ಇದನ್ನು ನುಂಗಬಾರದು ಎಂದೂ ಹೇಳಿದರು. ದಿನಕ್ಕೊಂದು, ದಿನಾ ಒಂದೇ ಹೊತ್ತಿಗೆ, ರಕ್ತ ಹೋದರೂ ಹೋಗದಿದ್ದರೂ ನಡುವೆ ಬಿಡುವಂತಿಲ್ಲ. ನುಂಗಿದ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಅದು ನುಂಗಿದ ಲೆಕ್ಕಕ್ಕಿಲ್ಲ, ಇನ್ನೊಂದು ತೆಗೆದುಕೊಳ್ಳಬೇಕು. ಒಂದೇ ಕಾಲು ಬಾತು ನೋವಾದರೆ, ಎದೆ ನೋವು ಬಂದರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಫೋನ್ ಮಾಡುತ್ತ ಕೂರದೆ ಸೀದಾ ದವಾಖಾನೆಗೆ ಬರಬೇಕು. ಮನಸ್ಸು ಮಂಕಾದರೂ ತಿಳಿಸಬೇಕು. ನಾನು ನಕ್ಕು, "ಮಂಕಾದದ್ದು ಗುಳಿಗೆಯಿಂದಲೋ, ನಾನೇ ಹಂಗೋ, ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಕೇಳಿದೆ. ಅವರು ನಗಲಿಲ್ಲ. "ಅದನ್ನ ನಾನು ನೋಡ್ತೀನಿ, ನೀವು ಹೇಳಿದ್ರೆ ಸಾಕು" ಅಂದರು.

ಆಮೇಲೆ ಅತ್ತೆಯನ್ನು ಹೊರಗೆ ಕೂರಿಸಿ ನಮ್ಮಿಬ್ಬರನ್ನೇ ಕೇಳಿದರು: ಈಗ ಮಗುವಿನ ಪ್ರಯತ್ನವೋ, ಮೊದಲು ನೋವಿನ ದಾರಿ ನೋಡುವುದೋ? ಈ ಗುಳಿಗೆ ನಡೆಯುವಷ್ಟು ದಿನ ಮಗು ಬೇಡ, ಹಾಗಂತ ಇದು ಬಸುರು ತಡೆಯುವ ಗುಳಿಗೆಯೂ ಅಲ್ಲ, ಅದಕ್ಕೆ ಬೇರೆ ಜಾಗ್ರತೆ ಬೇಕು. ಮಗು ಬೇಕೆಂದಾಗ ಇದನ್ನು ನಿಲ್ಲಿಸಿ ಮುಂದಿನದು ನೋಡೋಣ ಅಂದರು. ನನ್ನ ಗಂಡ ನನ್ನ ಮುಖ ನೋಡಿದರು. ಅವರಿಗೆ ಜೇವರ್ಗಿಯಲ್ಲಿ ನೌಕರಿ, ಶನಿವಾರ ಬಂದು ಸೋಮವಾರ ಹೋಗುವವರು. ನನ್ನ ನೋವನ್ನು ವಾರಕ್ಕೆ ಎರಡು ದಿನ ನೋಡಿದವರು. "ನೋವು" ಅಂದೆ ನಾನು. ಮನೆಯಲ್ಲಿ ಇದನ್ನು ಯಾರಿಗೂ ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಮೊದಲ ಮೂರು ತಿಂಗಳು ಸಾಕುಸಾಕಾಯಿತು. ಇವತ್ತು ಚೂರು, ನಾಳೆ ಚೂರು, ಹೊತ್ತಿಲ್ಲ ಗೊತ್ತಿಲ್ಲ, ರಕ್ತ ಕಾಣಿಸುವುದು. ಬಿಟ್ಟುಬಿಡೋಣ ಅನ್ನಿಸಿ ಫೋನ್ ಮಾಡಿದರೆ ಡಾಕ್ಟರಮ್ಮ, ಶುರುವಿನಲ್ಲಿ ಹೀಗಾಗುತ್ತದೆ, ವಿಪರೀತ ಹೋದರೆ ಬನ್ನಿ, ಇಲ್ಲದಿದ್ದರೆ ಮುಂದುವರಿಸಿ ಅಂದರು. ದಿನಾ ರಾತ್ರಿ ಎಂಟಕ್ಕೆ ಫೋನು ಗಂಟೆ ಬಾರಿಸಿದರೆ ಎದ್ದು ಹೋಗಿ ನುಂಗುತ್ತಿದ್ದೆ. ನಂಬಿಕೆಯಿಂದ ಅಲ್ಲ, ಬೇರೆ ಏನು ಮಾಡಬೇಕೆಂದು ತಿಳಿಯದೆ.

ನಾಲ್ಕನೆಯ ತಿಂಗಳು ಎಲ್ಲ ಬಂದ್ ಆಯಿತು. ರಕ್ತವೂ ಇಲ್ಲ, ನೋವೂ ಇಲ್ಲ. ಒಂದು ಬೆಳಿಗ್ಗೆ ಎಲ್ಲ ರೊಟ್ಟಿಯನ್ನೂ ಒಂದೇ ಸಲಕ್ಕೆ ಬಡಿದು ಮುಗಿಸಿ, ಇನ್ನೂ ಬಸ್ಸಿಗೆ ಹೊತ್ತಿದೆಯಲ್ಲ ಎಂದು ಚಹಾ ಹಿಡಿದು ಕೂತೆ. ಖುಷಿ ಅಂತಲೂ ಅನ್ನಲಾರೆ. ಇಪ್ಪತ್ತು ವರ್ಷ ಹೊತ್ತದ್ದನ್ನು ಇಳಿಸಿದ್ದು ಹೆಗಲಿಗೆ ಇನ್ನೂ ತಿಳಿದಿರಲಿಲ್ಲ. ಅತ್ತೆ ಎದುರಿಗೆ ಬಂದು ನಿಂತರು.

"ಈ ತಿಂಗಳ ಆಗಿಲ್ಲೇನು ಬೇ?"

"ಇಲ್ರಿ ಅತ್ತಿ. ನಿಂತಾವ್ರಿ."

ಅಷ್ಟು ಹೇಳಿ ಬಸ್ಸಿಗೆ ಓಡಿದೆ. ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ತಿಂಗಳು ನಿಂತಾವ ಅಂದರೆ ಅದಕ್ಕೆ ಒಂದೇ ಅರ್ಥ. ದೃಷ್ಟಿಯಾದೀತೆಂದು ಬಸುರಿ ಎಂಬ ಮಾತನ್ನು ಮೊದಮೊದಲು ಬಾಯಿಬಿಟ್ಟು ಆಡುವುದಿಲ್ಲ, ನಿಂತಾವ ಅಂದುಬಿಡುತ್ತಾರೆ. ಮಕ್ಕಳ ಉತ್ತರದಲ್ಲಿ ಒಂದು ಚಿಹ್ನೆ ತಪ್ಪಿದರೆ ಕೆಂಪು ಗೆರೆ ಎಳೆಯುವ ನನಗೆ ಇಷ್ಟು ಹೊಳೆಯಲಿಲ್ಲ.

ಸಂಜೆ ಬಂದರೆ ಬಾಗಿಲಲ್ಲಿ ನಮ್ಮವ್ವನ ಚಪ್ಪಲಿ. ಅತ್ತೆಯ ಫೋನ್ ಹೋದದ್ದೇ ತಡ, ಹುಣಸೆ ತೊಕ್ಕಿನ ಡಬ್ಬಿ ಹಿಡಿದುಕೊಂಡು ಅಫಜಲಪುರದಿಂದ ಬಂದಿಳಿದಿದ್ದಳು. ಬೀಗತಿಯರಿಬ್ಬರೂ ಸೇರಿ ನನ್ನ ಕೈಯಿಂದ ಚೀಲ ತೆಗೆದುಕೊಂಡು ಕುರ್ಚಿಯಲ್ಲಿ ಕೂರಿಸಿದರು. ಆ ಮನೆಯಲ್ಲಿ ಅಲ್ಲಿಯವರೆಗೆ ನನ್ನನ್ನು ಯಾರೂ ಹಿಡಿದು ಕೂರಿಸಿರಲಿಲ್ಲ. ಏನಾಗಿದೆ ಎಂದು ತಿಳಿಯಲು ನನಗೆ ಒಂದೆರಡು ನಿಮಿಷ ಬೇಕಾಯಿತು.

"ಅತ್ತಿ, ಹಂಗಲ್ರಿ, ಅದು ಗುಳಿಗಿಯಿಂದ ನಿಂತದ್ದು" ಅಂದೆ.

"ಗುಳಿಗಿ ನಾ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕೇನಿ" ಅಂದರು ಅತ್ತೆ. "ಬಸುರಿ ಇದ್ದಾಗ ಅದನ್ನ ನುಂಗಬಾರದಂತ ಡಾಕ್ಟರಮ್ಮ ಹೇಳ್ಯಾಳ. ನಾನೂ ಅಲ್ಲೇ ಇದ್ನಿ, ಕೇಳೇನಿ."

ಬಸುರಿ ಅಲ್ಲ ಎಂದು ಜೋರಾಗಿ ಹೇಳಲು ಹೋದವಳು ಅರ್ಧಕ್ಕೇ ನಿಂತೆ. ಮೂರು ವಾರದ ಹಿಂದೆ ಹಿರೋಳ್ಳಿಯ ಒಂದು ಮದುವೆಯಲ್ಲಿ ಉಂಡು ಎರಡು ದಿನ ವಾಂತಿ ಮಾಡಿಕೊಂಡಿದ್ದೆ. ಆ ಎರಡು ದಿನದ ಗುಳಿಗೆ ಹೊಟ್ಟೆಯಲ್ಲಿ ಉಳಿದಿರಲಿಲ್ಲ, ಇನ್ನೊಂದು ನುಂಗಬೇಕೆಂಬ ಮಾತು ಆಗ ನೆನಪಾಗಿರಲಿಲ್ಲ. ಅದಾದ ಮೇಲಿನ ಶನಿವಾರ ಗಂಡ ಬಂದಿದ್ದರು. ಬೇರೆ ಜಾಗ್ರತೆಯನ್ನು ನಾವು ಎಷ್ಟು ಮಾಡಿದೆವು ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಗುಳಿಗೆಯಿಂದ ನಿಂತಿದ್ದರೂ, ಬಸುರಿನಿಂದ ನಿಂತಿದ್ದರೂ ಹೊರಗೆ ಕಾಣುವುದು ಒಂದೇ. ಅತ್ತೆಯ ತಪ್ಪು ತಿಳಿವಳಿಕೆ ನಿಜವಾಗಿಯೂ ತಪ್ಪೇ ಎಂದು ನನಗೂ ಗೊತ್ತಿರಲಿಲ್ಲ.

ಮಾಳಿಗೆ ಹತ್ತಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಇವತ್ತಿನ ಗುಳಿಗೆ ತಡೆಯಿರಿ, ಬೆಳಿಗ್ಗೆ ಎದ್ದ ಕೂಡಲೇ ಪರೀಕ್ಷೆ ಮಾಡಿ, ಒಂದೇ ಗೆರೆ ಬಂದರೆ ತಪ್ಪಿದ್ದನ್ನು ಆಗಲೇ ನುಂಗಿ ಎಂಟಕ್ಕೆ ಎಂದಿನದು ನುಂಗಿ, ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿ ಅಂದರು. "ಎರಡು ಗೆರೆ ಬಂದರೆ?" ಎಂದೆ. "ಗುಳಿಗೆ ಬಿಟ್ಟು, ನಾಳೆಯೇ ಬಂದು ನನ್ನ ಕಾಣಿ." ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್‌ಗೆ ಹೋಗಿ ಪರೀಕ್ಷೆಯ ಪಟ್ಟಿ ತಂದೆ. ಅಂಗಡಿಯವನು ಕಳ್ಳಮಾಲಿನಂತೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಎಂಟಕ್ಕೆ ಫೋನು ಗಂಟೆ ಬಾರಿಸಿತು. ಆರಿಸಿ, ತೊಕ್ಕು ಹಚ್ಚಿಕೊಂಡು ರೊಟ್ಟಿ ತಿಂದೆ. ನಮ್ಮವ್ವ ಕಣ್ಣೆವೆ ಇಕ್ಕದೆ ನೋಡುತ್ತಿದ್ದಳು.

ಬೆಳಿಗ್ಗೆ ಬಚ್ಚಲಲ್ಲಿ ಆ ಪಟ್ಟಿ ಹಿಡಿದು ನಿಂತೆ. ಎರಡನೆಯ ಗೆರೆ ಮೂಡಿದರೆ ಮನೆಗೆ ಹಬ್ಬ, ಮೂಡದಿದ್ದರೆ ನನಗೆ ನನ್ನ ಗುಳಿಗೆ. ಯಾವುದನ್ನು ಬೇಡಿಕೊಂಡೆ ಎಂದು ಆ ಹೊತ್ತಿನಲ್ಲಿ ನನಗೇ ಒಪ್ಪಿಕೊಳ್ಳಲು ಆಗಲಿಲ್ಲ. ಒಂದೇ ಗೆರೆ ಬಂತು. ವಾರದ ನಂತರವೂ ಒಂದೇ ಬಂತು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಹೊರಗೆ ಬಂದು ಇಬ್ಬರಿಗೂ ಹೇಳಿದೆ. ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಗುಳಿಗಿ ಬಿಟ್ಟು ನೋಡವಾ, ಇದರಿಂದನ ಆಗವಲ್ದು" ಅಂದಳು. ಆರು ವರ್ಷ ಗುಳಿಗೆ ಇಲ್ಲದೆಯೂ ಆಗಿರಲಿಲ್ಲ ಎಂದು ನೆನಪಿಸುವಷ್ಟು ತ್ರಾಣ ನನಗಿರಲಿಲ್ಲ. ಜೇವರ್ಗಿಗೆ ಫೋನ್ ಮಾಡಿದರೆ ಗಂಡ, "ಇರಲಿ ಬಿಡು, ಫಿಕರ್ ಮಾಡಬ್ಯಾಡ" ಅಂದರು. ಅವ್ವ ಮೊದಲ ಬಸ್ಸಿಗೇ ಹೊರಟಳು. ನಾನು ಶಾಲೆಗೆ ರಜೆ ಹೇಳಿದೆ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅತ್ತೆ ಟ್ರಂಕು ತೆಗೆದು ಗುಳಿಗೆ ತಂದು ನನ್ನ ಕೈಗಿಟ್ಟರು. ಹೋಗಲಿಲ್ಲ, ಅಲ್ಲೇ ನೆಲಕ್ಕೆ ಕೂತರು.

"ಭಾಳ ದುಃಖ ಆಗ್ಯದೇನು ನಿನಗ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಲಿಕ್ಕೂ ಸ್ವಲ್ಪ ಶಕ್ತಿ ಬೇಕು.

"ಇಲ್ರಿ ಅತ್ತಿ. ಒಂದೇ ಗೆರಿ ನೋಡಿ ಮೊದಲ ನನಗ ಆರಾಮ ಅನಸ್ತು. ಗುಳಿಗಿ ಬಿಡೋದು ಬ್ಯಾಡ, ಆ ಬ್ಯಾನಿ ಮತ್ತ ಬರಂಗಿಲ್ಲ ಅಂತ. ದವಾಖಾನ್ಯಾಗ ಕೇಳಿದಾಗೂ ಕೂಸು ಈಗ ಬ್ಯಾಡ ಅಂತ ನಾನ ಹೇಳಿದ್ನಿ."

ಹೇಳಿ ತಲೆ ತಗ್ಗಿಸಿ ಕೂತೆ. ಬೈಗುಳ ಬರಲಿ, ಅಳು ಬರಲಿ, ಯಾವುದಕ್ಕೂ ತಯಾರಿದ್ದೆ. ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು:

"ನಿನ್ನ ಗಂಡ ನನ್ನ ಹೊಟ್ಟ್ಯಾಗ ಇದ್ದಾನಂತ ಗೊತ್ತಾದ ದಿನ ನಾನೂ ನಕ್ಕಿದ್ನಿ. ಕೂಸಿನ ಸಲುವಾಗಿ ನಗಾಕತ್ಯಾಳಂತ ಎಲ್ಲಾರೂ ತಿಳಕೊಂಡ್ರು. ಒಂಬತ್ತು ತಿಂಗಳು ಆ ಬ್ಯಾನಿ ಬರಂಗಿಲ್ಲಲ್ಲ ಅಂತ ನಕ್ಕಿದ್ದು ನಾನು. ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ. ನಿನ್ನೆ ನೀ ನಿಂತಾವ ಅಂದಾಗ, ನಿನಗೂ ಒಂಬತ್ತು ತಿಂಗಳು ಸಿಕ್ಕಾವಂತ ಖುಷಿ ಪಟ್ಟಿದ್ನಿ ಬೇ."